ತುಲಂಬೆನ್‌ನಲ್ಲಿ ಡೈವ್ ಮಾಡಿ ಮರುದಿನ ನಸುಕಿನಲ್ಲಿ ಬಾತೂರ್ ಹತ್ತಬಹುದಾ?

ಕಾರ್ಕಳದ ಅಕ್ಕ
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ನಾನು, ತಮ್ಮ, ಅವನ ಹೆಂಡತಿ ಮೂವರೂ ಬಾಲಿಗೆ ಹೊರಟಿದ್ದೇವೆ. ನನಗೂ ತಮ್ಮನಿಗೂ ಓಪನ್ ವಾಟರ್ ಸರ್ಟಿಫಿಕೇಟ್, ಅಂದರೆ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ್ದು, ಇದೆ. ನೇತ್ರಾಣಿಯಲ್ಲಿ ನೀರಿಗಿಳಿದು ಅಭ್ಯಾಸವೂ ಇದೆ. ತಮ್ಮನ ಹೆಂಡತಿ ಡೈವ್ ಮಾಡುವುದಿಲ್ಲ, ಅವಳಿಗೆ ಬೆಟ್ಟ ಅಂದರೆ ಪ್ರಾಣ.

ನಮ್ಮ ಪ್ಲಾನ್ ಹೀಗಿದೆ. ಮೊದಲು ಕಡಲ ದಡದ ಊರು ತುಲಂಬೆನ್‌ನಲ್ಲಿ ಎರಡು ದಿನ, ಮುಳುಗಿದ ಲಿಬರ್ಟಿ ಹಡಗಿನ ಸುತ್ತ ಡೈವ್. ಎರಡನೇ ದಿನದ ಕೊನೆಯ ಡೈವ್ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಅದೇ ರಾತ್ರಿ ಎರಡು ಗಂಟೆಗೆ ಕಾರು ಬಂದು ಕರೆದುಕೊಂಡು ಹೋಗುತ್ತದೆ, ಬಾತೂರ್ ಬೆಟ್ಟದ ಮೇಲೆ ಸೂರ್ಯೋದಯ. ಆಮೇಲೆ ಉಬುದ್ ಪಟ್ಟಣ. ವಾಪಸ್ ವಿಮಾನ ಇರುವುದು ನಾಲ್ಕು ದಿನ ಬಿಟ್ಟು.

ಟೂರ್ ಏಜೆಂಟ್ "ಎಲ್ಲರೂ ಹೀಗೇ ಹೋಗುವುದು ಮೇಡಂ" ಅಂದರು. ತಮ್ಮನ ಆಫೀಸಿನವರೊಬ್ಬರು ಡೈವ್ ಮಾಡಿದ ಮೇಲೆ ಬೆಟ್ಟ ಹತ್ತಲೇಬಾರದು ಅಂತ ಹೆದರಿಸಿದ್ದಾರೆ. ಯಾವುದು ಸರಿ? ಗೊತ್ತಿದ್ದವರು ಹೇಳಿ.

ಮೂರನೇ ಅಲೆ
ಬೇಡ. ಬೆಟ್ಟ ಮೊದಲು, ಕಡಲು ಆಮೇಲೆ.

ಬೆಂಗಳೂರು ಬೈಕರ್
ಇಷ್ಟಕ್ಕೆಲ್ಲ ಹೆದರಬೇಡಿ ಅಕ್ಕ. ನಿಯಮ ಇರುವುದು ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅಂತ. ಬಾತೂರ್ ಏನು ಹಿಮಾಲಯನಾ? 1,717 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಹೋದ ವರ್ಷ ನಮ್ಮ ಗುಂಪಿನವರು ಡೈವ್ ಮುಗಿಸಿ ಮರುದಿನವೇ ಹತ್ತಿದರು. ಯಾರಿಗೂ ಏನೂ ಆಗಲಿಲ್ಲ.

ಆಮೆಡ್ ಕನ್ನಡಿಗ
ನಾನು ಇಲ್ಲೇ ಆಮೆಡ್‌ನಲ್ಲಿ ಡೈವ್ ಕಲಿಸುತ್ತೇನೆ. ತುಲಂಬೆನ್ ಪಕ್ಕದ ಊರು. ಈ ಪ್ರಶ್ನೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೈಕರ್ ಅವರೇ, ವಿಮಾನದ ಒಳಗಿನ ಗಾಳಿಯ ಒತ್ತಡ ಎಷ್ಟಿರುತ್ತದೆ ಗೊತ್ತಾ? ವಿಮಾನ ಎಷ್ಟೇ ಮೇಲೆ ಹಾರಲಿ, ಕ್ಯಾಬಿನ್ ಒಳಗೆ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಒತ್ತಡ ಇಟ್ಟಿರುತ್ತಾರೆ. ಬಾತೂರ್ ತುದಿ 1,717. ಅಂದರೆ ಬಾತೂರ್ ಹತ್ತುವುದಕ್ಕೂ ವಿಮಾನ ಹತ್ತುವುದಕ್ಕೂ ನಮ್ಮ ಮೈಗೆ ಅಂಥ ವ್ಯತ್ಯಾಸ ಇಲ್ಲ. ಬಾಲಿಯ ದೊಡ್ಡ ಬೆಟ್ಟ ಆಗುಂಗ್ ಅಂತೂ 3,031 ಮೀಟರ್, ಅಲ್ಲಿ ಒತ್ತಡ ವಿಮಾನದ ಒಳಗಿಗಿಂತಲೂ ಕಡಿಮೆ.

ಡೈವ್ ಮಾಡುವವರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರ ಸಲಹೆ ಇದು: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ದಿನಕ್ಕೆ ಎರಡು ಮೂರು ಡೈವ್ ಅಥವಾ ಸತತ ಕೆಲವು ದಿನ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ. ಡಿಕಂಪ್ರೆಷನ್ ಸ್ಟಾಪ್ (ಮೇಲೆ ಬರುವಾಗ ನಡುವೆ ನಿಂತು ಕಾಯುವುದು) ಬೇಕಾಗುವಂಥ ಆಳದ ಡೈವ್ ಆಗಿದ್ದರೆ ಅದಕ್ಕಿಂತಲೂ ಎಷ್ಟೋ ಜಾಸ್ತಿ. ಈ ಲೆಕ್ಕ ಶುರುವಾಗುವುದು 600 ಮೀಟರ್ ಎತ್ತರದಿಂದಲೇ.

ಈಗ ಅಕ್ಕನ ಪ್ಲಾನ್ ನೋಡಿ. ಸಂಜೆ ನಾಲ್ಕಕ್ಕೆ ನೀರಿನಿಂದ ಎದ್ದರೆ, ರಾತ್ರಿ ಮೂರು ಮೂರೂವರೆಗೆ ಕಾರು ಬಾತೂರ್ ಸುತ್ತಲಿನ ಎತ್ತರದ ಅಂಚು ಪೆನೆಲೋಕನ್‌ಗೆ ಬಂದಿರುತ್ತದೆ. ಅದು ಹತ್ತಿರ ಹತ್ತಿರ 1,500 ಮೀಟರ್. ಅಲ್ಲಿಗೆ ಹನ್ನೊಂದೂವರೆ ಗಂಟೆ. ಬೆಟ್ಟದ ತುದಿಗೆ ಹದಿನಾಲ್ಕು ಗಂಟೆ. ಹದಿನೆಂಟು ಆಗಲೇ ಇಲ್ಲ. ಚಾರಣ ಶುರುವಾಗುವ ಮೊದಲೇ, ಕಾರಿನಲ್ಲಿ ಕೂತಿದ್ದಾಗಲೇ ನಿಯಮ ಮುರಿದಾಗಿರುತ್ತದೆ. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಬೆಂಗಳೂರು ಬೈಕರ್
ಕ್ಯಾಬಿನ್ ಲೆಕ್ಕ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ಅಷ್ಟು ಜನ ಹತ್ತುತ್ತಾರಲ್ಲ, ಎಲ್ಲರಿಗೂ ತೊಂದರೆ ಆಗಿದ್ದರೆ ಸುದ್ದಿ ಆಗಬೇಕಿತ್ತು ಅಲ್ವಾ?

ಹುಬ್ಬಳ್ಳಿ ಡಾಕ್ಟ್ರು
ಎಲ್ಲರಿಗೂ ಆಗುವುದಿಲ್ಲ, ಅದೇ ತೊಂದರೆ. ಆಗದೆ ಇದ್ದವರು ಬಂದು ಇನ್ನೊಬ್ಬರಿಗೆ ಧೈರ್ಯ ಹೇಳುತ್ತಾರೆ.

ಮೈಯೊಳಗೆ ಏನಾಗುತ್ತದೆ ಅಂತ ಸರಳವಾಗಿ ಹೇಳುತ್ತೇನೆ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, 20 ಮೀಟರ್‌ಗೆ ಮೂರು ಪಟ್ಟು, 30ಕ್ಕೆ ನಾಲ್ಕು ಪಟ್ಟು. ಸಿಲಿಂಡರ್ ಗಾಳಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೈಟ್ರೋಜನ್. ಒತ್ತಡ ಹೆಚ್ಚಿದ್ದಾಗ ಅದು ರಕ್ತ, ಸ್ನಾಯು, ಕೊಬ್ಬು, ಕೀಲುಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಆದರೆ ನೀರಿನಿಂದ ಎದ್ದ ಕೂಡಲೇ ಎಲ್ಲ ಖಾಲಿಯಾಗುವುದಿಲ್ಲ. ರಕ್ತದಲ್ಲಿರುವುದು ಬೇಗ ಹೋಗುತ್ತದೆ. ಕೊಬ್ಬು, ಕೀಲಿನಲ್ಲಿರುವುದಕ್ಕೆ ಗಂಟೆಗಟ್ಟಲೆ ಬೇಕು.

ಅಷ್ಟರಲ್ಲಿ ನೀವು ಬೆಟ್ಟ ಹತ್ತಿದಿರಿ ಅಂತಿಟ್ಟುಕೊಳ್ಳಿ. ಬಾತೂರ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 82ರಷ್ಟು. ಹೊರಗಿನ ಒತ್ತಡ ಇಳಿದಾಗ ಒಳಗೆ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಗುಳ್ಳೆ ಕೀಲಿನ ಹತ್ತಿರ ಆದರೆ ನೋವು. ಬೆನ್ನುಹುರಿಯಲ್ಲಿ ಆದರೆ ಕಾಲು ಜೋಮು ಹಿಡಿಯುತ್ತದೆ, ಮೂತ್ರ ಕಟ್ಟಬಹುದು. ಇದರ ಮೇಲೆ ಕಡಿದಾದ ಏರು ಹತ್ತುವ ಶ್ರಮ ಬೇರೆ. ಡೈವ್ ಆದ ಮೇಲೆ ಭಾರೀ ವ್ಯಾಯಾಮ ಸಮತಟ್ಟು ನೆಲದಲ್ಲೂ ಬೇಡ ಅನ್ನುತ್ತೇವೆ. ನಿದ್ದೆ ಇಲ್ಲ, ನೀರು ಕುಡಿದಿರುವುದಿಲ್ಲ. ಎಲ್ಲ ಒಟ್ಟಿಗೆ ಸೇರಿಕೊಳ್ಳುತ್ತದೆ.

ಬೆಳಿಗ್ಗೆ ಬೆಟ್ಟದ ಮೇಲೆ ಮೊಣಕೈ ನೋವು ಬಂದರೆ "ಬ್ಯಾಗ್ ಹೊತ್ತು ಹಿಡಿದಿದೆ" ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು.

ಪಯಣಿಗ 77
ಡಾಕ್ಟ್ರೇ, ನಿಮ್ಮ ಕೊನೇ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

ನಾವು ಬಾಲಿಯ ಇನ್ನೊಂದು ತುದಿ, ಮೆಂಜಾಂಗನ್‌ಗೆ ಹೋಗಿದ್ದೆವು. ನ್ಯಾಷನಲ್ ಪಾರ್ಕ್ ಒಳಗಿನ ದ್ವೀಪ, ಗೋಡೆಯಂಥ ಹವಳದ ದಿಬ್ಬ. ಡೈವ್ ಮುಗಿಸಿ ಮಧ್ಯಾಹ್ನವೇ ಕಾರು ಹತ್ತಿ ಉಬುದ್ ಕಡೆ ಹೊರಟೆವು. ಡ್ರೈವರ್ ಹತ್ತಿರದ ದಾರಿ ಅಂತ ಸಿಂಗರಾಜ ದಾಟಿ ಬೆದುಗುಲ್ ಮೇಲೆ ಕರೆದುಕೊಂಡು ಹೋದ. ಕೆರೆ, ಮಂಜು, ಸ್ಟ್ರಾಬೆರಿ ತೋಟ, ಎಲ್ಲ ಚೆನ್ನಾಗಿತ್ತು. ಅದು 1,200 ಮೀಟರ್ ಮೇಲಿದೆ ಅಂತ ನಮಗೆ ಹೊಳೆಯಲೇ ಇಲ್ಲ. ಡೈವ್ ಮಾಡಿಸಿದವರೂ ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಒಂದು ಮಾತು ಕೇಳಲಿಲ್ಲ.

ಉಬುದ್ ಮುಟ್ಟುವಷ್ಟರಲ್ಲಿ ಗೆಳೆಯನಿಗೆ ಭುಜದಲ್ಲಿ ಆಳವಾದ ನೋವು. ಒತ್ತಿದರೂ ಹೆಚ್ಚಾಗುವುದಿಲ್ಲ, ಕೈ ಆಡಿಸಿದರೂ ಕಡಿಮೆಯಾಗುವುದಿಲ್ಲ. ಹೊಟ್ಟೆಯ ಮೇಲೆ ಚರ್ಮ ನೀಲಿ ಕೆಂಪು ಬಲೆ ಹಾಕಿದ ಹಾಗೆ ಆಗಿತ್ತು. ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದೆವು. ಆಕ್ಸಿಜನ್ ಕೊಟ್ಟು, ಆಮೇಲೆ ಒತ್ತಡದ ಚೇಂಬರ್‌ನಲ್ಲಿ ಮಲಗಿಸಿದರು. ಈಗ ಆರಾಮಾಗಿದ್ದಾನೆ. ಆದರೆ ಆ ರಾತ್ರಿ ಅವನ ಅಮ್ಮನಿಗೆ ಫೋನ್ ಮಾಡಿ ಹೇಳಬೇಕಾದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಕಾರ್ಕಳದ ಅಕ್ಕ
ಅಯ್ಯೋ ದೇವರೇ. ಓದಿಯೇ ಕೈ ನಡುಗಿತು. ಹಾಗಾದರೆ ಬೆಟ್ಟ ಬಿಟ್ಟರೂ ಕಾರಿನ ದಾರಿಯನ್ನೂ ನೋಡಬೇಕು ಅಂತಾಯ್ತು. ತುಲಂಬೆನ್‌ನಿಂದ ಉಬುದ್‌ಗೆ ಯಾವ ದಾರಿ ಸರಿ?

ಆಮೆಡ್ ಕನ್ನಡಿಗ
ಕೆಳಗಿನ ದಾರಿ ಹಿಡಿಯಿರಿ. ತುಲಂಬೆನ್, ಕುಲಿಕ್, ತೀರ್ಥಗಂಗಾ, ಅಮ್ಲಾಪುರ, ಚಂದಿದಾಸ, ಕ್ಲುಂಕುಂಗ್, ಉಬುದ್. ತೀರ್ಥಗಂಗಾ ಮೊದಲು ಸ್ವಲ್ಪ ಏರು ಇದೆ, ಆದರೆ ಬಾತೂರ್ ಅಂಚಿನ ಮೇಲೆ ಹೋಗುವ ಕಿಂತಾಮಣಿ ರಸ್ತೆಯಂತಲ್ಲ. "ಕಿಂತಾಮಣಿ ಮೇಲೆ ಹೋಗಬೇಡಿ" ಅಂತ ಡ್ರೈವರ್‌ಗೆ ಹೊರಡುವ ಮೊದಲೇ ಹೇಳಿ. ಅವರು ಪಾಪ, ಜ್ವಾಲಾಮುಖಿ ತೋರಿಸಿದರೆ ನಿಮಗೆ ಖುಷಿ ಆಗುತ್ತದೆ ಅಂತ ಕರೆದೊಯ್ಯುತ್ತಾರೆ.

ಮೆಂಜಾಂಗನ್ ಅಥವಾ ಪೆಮುತೆರಾನ್‌ನಿಂದ ಬರುವವರು ಗಿಲಿಮಾನುಕ್, ನೆಗಾರಾ, ತಬನಾನ್ ಮೂಲಕ ಕರಾವಳಿ ರಸ್ತೆಯಲ್ಲೇ ಬನ್ನಿ. ಲಾರಿ ಜಾಸ್ತಿ, ಬೇಜಾರಿನ ದಾರಿ, ಹೊತ್ತೂ ಹಿಡಿಯುತ್ತದೆ. ಆದರೂ ಅದೇ ಸರಿ.

ಪಯಣಿಗ ಅವರೇ, ನಿಮ್ಮ ಗೆಳೆಯ ಹುಷಾರಾದದ್ದು ಕೇಳಿ ಸಮಾಧಾನ ಆಯ್ತು. ದಾರಿ ಕೇಳದೆ ಕಳಿಸಿದ್ದು ಡೈವ್ ಸೆಂಟರ್‌ನವರ ತಪ್ಪೇ. ನಾನಂತೂ ಇದನ್ನು ಕೇಳದೆ ಯಾರನ್ನೂ ಕಳಿಸುವುದಿಲ್ಲ.

ಭಟ್ಕಳ ತೀರ
ಅಲ್ಲ ಮಾರಾಯ್ರೆ, ಬಾಲಿಯ ಮಾತು ಇರಲಿ. ನೇತ್ರಾಣಿಯಲ್ಲಿ ಬೆಳಿಗ್ಗೆ ಡೈವ್ ಮಾಡಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾರಲ್ಲ, ಘಟ್ಟ ಹತ್ತಿಯೇ ಹೋಗಬೇಕು. ಅದಕ್ಕೇನು ಹೇಳುತ್ತೀರಿ?

ಹುಬ್ಬಳ್ಳಿ ಡಾಕ್ಟ್ರು
ಒಳ್ಳೇ ಪ್ರಶ್ನೆ ರೀ. ನಮ್ಮವರಿಗೆ ಬೇಕಾದದ್ದೇ ಇದು.

ಬೆಂಗಳೂರು 900 ಮೀಟರ್ ಮೇಲಿದೆ. ಸಕಲೇಶಪುರವೂ ಅಷ್ಟೇ. ಆಗುಂಬೆ 640ರ ಹತ್ತಿರ. ಎಲ್ಲ 600 ದಾಟಿದವೇ. ಆದರೆ 900 ಮೀಟರ್ ಬೇರೆ, 1,700 ಬೇರೆ. ಎತ್ತರ ಹೆಚ್ಚಿದಂತೆ ಅಪಾಯ ಹೆಚ್ಚು. ನೇತ್ರಾಣಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ನೀರಿಗಿಳಿಯುವವರು. ಕೈ ಹಿಡಿದುಕೊಂಡು ಕಡಿಮೆ ಆಳದಲ್ಲಿ ಒಂದೇ ಡೈವ್. ಅವರು ಹನ್ನೆರಡು ಗಂಟೆ ಕಾದರೆ ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ನೀರಿನಿಂದ ಎದ್ದವರ ಬಸ್ಸು ಘಟ್ಟ ಹತ್ತುವಾಗ ಮಧ್ಯರಾತ್ರಿ ಆಗಿದ್ದರೆ ಲೆಕ್ಕ ಸರಿಹೋಗುತ್ತದೆ.

ಸರ್ಟಿಫಿಕೇಟ್ ಇದ್ದು ಎರಡು ದಿನ ನಾಲ್ಕೈದು ಡೈವ್ ಮಾಡಿದವರು ಮಾತ್ರ ಒಂದು ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಹೊರಡಲಿ. ಡೈವ್ ಮುಗಿಸಿ ಅದೇ ಸಂಜೆ ಜೀಪಿನಲ್ಲಿ ಕೊಡಚಾದ್ರಿ ಹತ್ತುತ್ತೇವೆ ಅನ್ನುವವರನ್ನೂ ಕಂಡಿದ್ದೇನೆ. ಅದು 1,343 ಮೀಟರ್. ದಯವಿಟ್ಟು ಬೇಡ.

ಭಟ್ಕಳ ತೀರ
ಕೊಲ್ಲೂರು, ಕೊಡಚಾದ್ರಿ, ಮುರ್ಡೇಶ್ವರ ಒಂದೇ ಪ್ಯಾಕೇಜಿನಲ್ಲಿ ಮಾರುತ್ತಾರೆ. ಇನ್ನು ಮೇಲೆ ನನ್ನ ಹತ್ತಿರ ಕೇಳಿದವರಿಗೆ ಮೊದಲು ಕೊಡಚಾದ್ರಿ ಮುಗಿಸಿಕೊಂಡು ಬನ್ನಿ ಅನ್ನುತ್ತೇನೆ.

ಹೊನಲುಲು ಮೈಸೂರಿಗ
ಹವಾಯಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಮೌನಾ ಕೇಯಾ 4,205 ಮೀಟರ್. ಬಿಗ್ ಐಲೆಂಡ್‌ನಲ್ಲಿ ಸಮುದ್ರ ತೀರದಿಂದ ಒಂದೆರಡು ಗಂಟೆ ಕಾರು ಓಡಿಸಿದರೆ ತುದಿಯಲ್ಲಿರುತ್ತೀರಿ. ಡೈವ್ ಮಾಡಿ 24 ಗಂಟೆ ಆಗದವರು ಮೇಲೆ ಬರಬೇಡಿ ಅಂತ ಅಲ್ಲಿ ಎಚ್ಚರಿಕೆ ಕೊಡುತ್ತಾರೆ. ರಾತ್ರಿ ಮಂಟಾ (ತೊರಕೆ ಜಾತಿಯ ದೊಡ್ಡ ಮೀನು) ನೋಡಲು ಡೈವ್ ಮಾಡಿ ಮರುದಿನ ನಕ್ಷತ್ರ ನೋಡಲು ಮೇಲೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಮನೆಗೆ ಬಂದ ನೆಂಟರಿಗೆಲ್ಲ ಮೊದಲು ಮೌನಾ ಕೇಯಾ ತೋರಿಸಿ ಆಮೇಲೆ ನೀರಿಗೆ ಇಳಿಸುತ್ತೇನೆ.

ಸ್ಪೇನಿನ ಟೆನರೀಫ್ ದ್ವೀಪದಲ್ಲೂ ಇದೇ ಕಥೆ. ಅಲ್ಲಿಯ ತೇಯ್ದೆ ಬೆಟ್ಟ 3,715 ಮೀಟರ್, ಕೇಬಲ್ ಕಾರ್ ಇರುವುದರಿಂದ ಕಷ್ಟಪಡದೆ ಮೇಲೆ ಹೋಗಿಬಿಡಬಹುದು. ಜ್ವಾಲಾಮುಖಿ ದ್ವೀಪ ಅಂದರೆ ಸಮುದ್ರದಿಂದ ನೆಟ್ಟಗೆ ಎದ್ದ ಬೆಟ್ಟ. ಕಡಲೂ ಶಿಖರವೂ ಅಷ್ಟು ಹತ್ತಿರ ಇರುವುದರಿಂದಲೇ ಇಂಥ ಪ್ಲಾನ್ ಹುಟ್ಟುತ್ತದೆ.

ಮೂರನೇ ಅಲೆ
ಬಾಲಿ ಪಕ್ಕದ ದ್ವೀಪ ಲೊಂಬೋಕ್‌ನ ರಿಂಜಾನಿ ಬೆಟ್ಟ ಮರೆತಿರಿ. 3,726 ಮೀಟರ್. ಗಿಲಿ ದ್ವೀಪಗಳಲ್ಲಿ ಡೈವ್ ಮಾಡಿ ಮರುದಿನವೇ ಹೊರಡುವವರು ಬೇಕಾದಷ್ಟು.

ಹಡಗು ಹುಚ್ಚ
ಯಾರೂ ಹಡಗಿನ ವಿಷಯ ಮಾತಾಡುತ್ತಿಲ್ಲವಲ್ಲ! ಅಕ್ಕ ಹೋಗುತ್ತಿರುವುದೇ ಅದಕ್ಕೆ.

ಆ ಲಿಬರ್ಟಿ ಅಮೆರಿಕ ಸೇನೆಯ ಸರಕು ಹಡಗು. 1918ರಲ್ಲಿ ಕಟ್ಟಿದ್ದು. ಉದ್ದ ಸುಮಾರು 125 ಮೀಟರ್. 1942ರ ಜನವರಿಯಲ್ಲಿ ಲೊಂಬೋಕ್ ಜಲಸಂಧಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಎರಡು ಯುದ್ಧನೌಕೆಗಳು ಸಿಂಗರಾಜ ಬಂದರಿಗೆ ಎಳೆದುಕೊಂಡು ಹೋಗಲು ನೋಡಿದವು. ನೀರು ನುಗ್ಗುತ್ತಲೇ ಇತ್ತು, ಆಗಲಿಲ್ಲ. ತುಲಂಬೆನ್ ದಡಕ್ಕೆ ಹತ್ತಿಸಿಬಿಟ್ಟರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅದು ದಡದಲ್ಲೇ ಬಿದ್ದಿತ್ತು. 1963ರಲ್ಲಿ ಆಗುಂಗ್ ಸಿಡಿದಾಗ ನೆಲ ನಡುಗಿ ಹಡಗು ಜಾರಿ ನೀರಿಗೆ ಇಳಿಯಿತು. ಈಗ ದಡದಿಂದ ಮೂವತ್ತು ಮೀಟರ್ ಈಜಿದರೆ ಸಿಗುತ್ತದೆ. ಜ್ವಾಲಾಮುಖಿಯೇ ಮುಳುಗಿಸಿದ ಹಡಗು ಅದು.

ಇನ್ನೊಂದು ಮಾತು. ಎರಡನೇ ಮಹಾಯುದ್ಧದಲ್ಲಿ ಸಾಲುಸಾಲಾಗಿ ಕಟ್ಟಿದ "ಲಿಬರ್ಟಿ ಶಿಪ್" ಜಾತಿಯ ಹಡಗು ಇದು ಅಂತ ಎಷ್ಟೋ ಬ್ಲಾಗ್‌ಗಳಲ್ಲಿ ಬರೆದಿರುತ್ತಾರೆ. ತಪ್ಪು. ಅವು ಬಂದದ್ದು 1941ರಿಂದ ಈಚೆಗೆ. ಇದರ ಹೆಸರು ಮಾತ್ರ ಲಿಬರ್ಟಿ.

ಕಲ್ಲುಪ್ರೇಮಿ
1963ರದ್ದು ಸಣ್ಣ ಸ್ಫೋಟ ಅಲ್ಲ. ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಂಧಕದ ಕಣಗಳು ವಾತಾವರಣದ ಮೇಲಿನ ಪದರಕ್ಕೆ ಏರಿ ಭೂಮಿಯ ಸರಾಸರಿ ಉಷ್ಣತೆಯೇ ಸ್ವಲ್ಪ ಇಳಿಯಿತು. ಬೆಸಾಕಿಹ್ ದೇವಸ್ಥಾನದಲ್ಲಿ ಆಗ ನೂರು ವರ್ಷಕ್ಕೊಮ್ಮೆ ಮಾಡುವ ಏಕಾದಶ ರುದ್ರ ಪೂಜೆ ನಡೆಯುತ್ತಿತ್ತು. ಲಾವಾ ದೇವಸ್ಥಾನದ ಪಕ್ಕದಲ್ಲೇ ಇಳಿದುಹೋಯಿತು, ದೇವಸ್ಥಾನ ಉಳಿಯಿತು. ಅಲ್ಲಿಯ ಹಿರಿಯರು ಇವತ್ತಿಗೂ ಆ ಮಾತು ಹೇಳುತ್ತಾರೆ.

ಬಾತೂರ್ ಕೂಡ ಹಾಗೇ. 1926ರ ಲಾವಾ ಕೆಳಗಿನ ಹಳ್ಳಿಯನ್ನೇ ಮುಚ್ಚಿತು. ಜನ ದೇವರನ್ನು ಎತ್ತಿಕೊಂಡು ಮೇಲಿನ ಅಂಚಿಗೆ ಹೋಗಿ ದೇವಸ್ಥಾನ ಹೊಸದಾಗಿ ಕಟ್ಟಿದರು. ಅಕ್ಕ, ನಿಮ್ಮ ತಮ್ಮನ ಹೆಂಡತಿಗೆ ಬೆಟ್ಟ ಇಷ್ಟ ಅಂದಿರಿ. ಬಾತೂರ್ ಇಳಿಯುವಾಗ ಆ ಕಪ್ಪು ಲಾವಾ ಬಯಲಿನಲ್ಲಿ ಒಂದರ್ಧ ಗಂಟೆ ನಡೆಯಲು ಹೇಳಿ. ಸೂರ್ಯೋದಯಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ.

ಸೊಪ್ಪುಸಾರು
ನಡುವೆ ಬಾಯಿ ಹಾಕುತ್ತೇನೆ, ತುಲಂಬೆನ್‌ನಲ್ಲಿ ಸಸ್ಯಾಹಾರ ಸಿಗುತ್ತದಾ? ನಾವೂ ಹೋಗುವವರಿದ್ದೇವೆ.

ಆಮೆಡ್ ಕನ್ನಡಿಗ
ಧಾರಾಳ ಸಿಗುತ್ತದೆ. ತೆಂಪೆ, ತೋಫು, ಗಾಡೊ ಗಾಡೊ, ಅನ್ನ ಪಲ್ಯದ ಊಟ. ಆದರೆ ಸಂಬಾಲ್ ಚಟ್ನಿಯಲ್ಲಿ ಹೆಚ್ಚಾಗಿ ತೆರಾಸಿ ಇರುತ್ತದೆ, ಅದು ಸಿಗಡಿ ಅರೆದು ಮಾಡಿದ್ದು. ತೆರಾಸಿ ಬೇಡ ಅಂತ ಮೊದಲೇ ಹೇಳಿ.

ಸೊಪ್ಪುಸಾರು
ಇದೊಂದು ಗೊತ್ತಾಗಿದ್ದು ಬಹಳ ಒಳ್ಳೇದಾಯ್ತು. ಧನ್ಯವಾದ.

ಕಾರ್ಕಳದ ಅಕ್ಕ
ಹಡಗಿನ ಒಳಗೆ ಹೋಗಬಹುದಾ? ನಮಗೆ 18 ಮೀಟರ್‌ವರೆಗೆ ಮಾತ್ರ ಅನುಮತಿ ಇರುವುದು. ನೋಡಲು ಏನು ಸಿಗುತ್ತದೆ?

ಆಮೆಡ್ ಕನ್ನಡಿಗ
18 ಮೀಟರ್ ಒಳಗೆ ಬೇಕಾದಷ್ಟಿದೆ. ಹಡಗಿನ ಮೇಲ್ಭಾಗ ಐದು ಮೀಟರ್ ಆಳದಲ್ಲೇ ಶುರು. ಕೆಳಗಿನ ತುದಿ ಸುಮಾರು 30 ಮೀಟರ್. ಅಲ್ಲಿಗೆ ಅಡ್ವಾನ್ಸ್ಡ್ ಕೋರ್ಸ್ ಆಗಿರಬೇಕು. ಹಡಗು ಒಡೆದು ತೆರೆದುಕೊಂಡಿದೆ, ಕೆಲವು ಕಡೆ ಹಾದುಹೋಗಬಹುದು. ಆದರೆ ಅಭ್ಯಾಸ ಕಡಿಮೆ ಇದ್ದರೆ ಹೊರಗೇ ಇರಿ. ಕಬ್ಬಿಣ ತುಕ್ಕು ಹಿಡಿದು ಸಡಿಲ ಆಗಿದೆ, ಹವಳ ಎಲ್ಲಿ ಕೈ ಇಟ್ಟರೂ ಇದೆ.

ಬೆಳಿಗ್ಗೆ ಆರಕ್ಕೆ ಇಳಿಯಿರಿ. ರಾತ್ರಿಯೆಲ್ಲ ಹಡಗಿನೊಳಗೆ ಮಲಗಿದ್ದ ಬಂಪ್‌ಹೆಡ್ ಗಿಳಿಮೀನುಗಳು ಆಗ ಹೊರಗೆ ಬರುತ್ತವೆ. ಒಂದೊಂದೂ ಮೀಟರ್‌ಗೂ ಮೇಲೆ ಉದ್ದ, ಹಣೆ ಗಡ್ಡೆ ಬಂದ ಹಾಗೆ ಉಬ್ಬಿರುತ್ತದೆ. ಹತ್ತಿರ ಹೋದರೆ ಹವಳ ಕಡಿಯುವ ಸದ್ದು ಕಿವಿಗೇ ಕೇಳುತ್ತದೆ. ಹವಳ ತಿಂದು ಹಿಂದಿನಿಂದ ಬಿಳಿ ಮರಳು ಬಿಡುತ್ತಾ ಹೋಗುತ್ತವೆ. ಒಂಬತ್ತು ಗಂಟೆ ಮೇಲೆ ದಕ್ಷಿಣದಿಂದ ವ್ಯಾನ್‌ಗಳು ಬಂದು ನೀರೆಲ್ಲ ಜನ ಆಗಿಬಿಡುತ್ತದೆ.

ಹಡಗಿನಿಂದ ವಾಪಸ್ ಬರುವಾಗ ಆತುರ ಬೇಡ. ಐದಾರು ಮೀಟರ್ ಆಳದ ಇಳಿಜಾರಿನ ಮರಳು ನೋಡಿ. ಜ್ವಾಲಾಮುಖಿಯ ಮರಳು, ಪೂರ್ತಿ ಕಪ್ಪು. ಬೆಳಕು ಹಿಂದಕ್ಕೆ ಹೊಡೆಯುವುದಿಲ್ಲ, ಮೊದಲು ಖಾಲಿ ಅನ್ನಿಸುತ್ತದೆ. ಟಾರ್ಚ್ ಹಾಕಿ ಸುಮ್ನೆ ಒಂದು ಕಡೆ ನಿಂತರೆ ಗಾರ್ಡನ್ ಈಲ್ ಅನ್ನುವ ಹಾವಿನಂಥ ಮೀನುಗಳು ಒಂದೊಂದಾಗಿ ಮರಳಿನಿಂದ ತಲೆ ಎತ್ತುತ್ತವೆ. ಪೆನ್ಸಿಲ್ ದಪ್ಪದ ಮೈ, ಎಲ್ಲವೂ ಹರಿವಿನ ಕಡೆಗೇ ಮುಖ ಮಾಡಿ ತೇಲಿಬರುವುದನ್ನು ಹಿಡಿದು ತಿನ್ನುತ್ತಿರುತ್ತವೆ. ನೀವು ಕಾಲಿಗೆ ಹಾಕಿದ ಫಿನ್ ಒಂದು ಸಲ ಬಡಿದರೆ ಸಾಕು, ಎಲ್ಲ ಒಟ್ಟಿಗೆ ಒಳಗೆ. ಕ್ಯಾಮೆರಾ ಹಿಡಿದವರು ಮುಂದೆ ಮುಂದೆ ನುಗ್ಗಿ ಇದನ್ನು ನೋಡುವುದೇ ಇಲ್ಲ.

ಪಯಣಿಗ 77
ತುಲಂಬೆನ್‌ನಲ್ಲಿ ಸಿಲಿಂಡರ್ ಹೊರುವ ಹೆಂಗಸರನ್ನು ಮರೆಯಬೇಡಿ. ಕಲ್ಲಿನ ದಡದಲ್ಲಿ ತಲೆ ಮೇಲೆ ಒಂದು ಸಿಲಿಂಡರ್ ಇಟ್ಟುಕೊಂಡು, ಕೆಲವರು ಎರಡು ಇಟ್ಟುಕೊಂಡು ನಡೆಯುತ್ತಾರೆ. ಒಂದೊಂದೂ ಹದಿನೈದು ಕಿಲೋ ಮೇಲೆ. ಡೈವ್ ಸೆಂಟರ್‌ನವರು ಅವರಿಗೆ ದುಡ್ಡು ಕೊಡುತ್ತಾರೆ, ಆದರೂ ನಾವು ಕೈಯಾರೆ ಒಂದಿಷ್ಟು ಕೊಡಬೇಕು. ಆ ಹಡಗು ಈ ಊರಿನ ಅನ್ನ.

ಮಳೆಹಕ್ಕಿ
ಮೆಂಜಾಂಗನ್ ಕಡೆ ಹೋಗುವವರು ನೀರಿನಿಂದ ಎದ್ದು ಒಂದು ದಿನ ಅಲ್ಲೇ ಉಳಿಯಿರಿ. ಹೇಗೂ 18 ಗಂಟೆ ಕಾಯಬೇಕಲ್ಲ. ಪಶ್ಚಿಮ ಬಾಲಿಯ ಆ ಕಾಡಿನಲ್ಲಿ ಬಾಲಿ ಮೈನಾ ಇದೆ. ಬಿಳಿ ಮೈ, ರೆಕ್ಕೆ ಬಾಲದ ತುದಿ ಮಾತ್ರ ಕಪ್ಪು, ಕಣ್ಣಿನ ಸುತ್ತ ನೀಲಿ. ಪಂಜರಕ್ಕೆ ಹಿಡಿದು ಹಿಡಿದು ಕಾಡಿನಲ್ಲಿ ಬೆರಳೆಣಿಕೆಗೆ ಇಳಿದಿತ್ತು. ಸಾಕಿ ಬೆಳೆಸಿ ಮತ್ತೆ ಬಿಡುತ್ತಿದ್ದಾರೆ. ಬೆಳಗಿನ ಹೊತ್ತು ಸಮತಟ್ಟು ನೆಲದಲ್ಲಿ ನಿಧಾನ ನಡೆದು ನೋಡಬಹುದು, ಮೈಗೂ ಶ್ರಮ ಇಲ್ಲ.

ಬೆಂಗಳೂರು ಬೈಕರ್
ನೈಟ್ರಾಕ್ಸ್, ಅಂದರೆ ಆಕ್ಸಿಜನ್ ಜಾಸ್ತಿ ಇರುವ ಸಿಲಿಂಡರ್ ಗಾಳಿ, ತಗೊಂಡರೆ ಈ ತಲೆನೋವೇ ಇಲ್ಲವಲ್ಲ? ನೈಟ್ರೋಜನ್ ಕಡಿಮೆ ಇರುತ್ತದೆ.

ಆಮೆಡ್ ಕನ್ನಡಿಗ
ಮೈಗೆ ಸೇರುವ ನೈಟ್ರೋಜನ್ ಕಡಿಮೆ ಆಗುತ್ತದೆ, ನಿಜ. ಹಾಗಂತ ಕಾಯುವ ಗಂಟೆಗಳನ್ನು ಯಾರೂ ಕಡಿಮೆ ಮಾಡಿ ಹೇಳಿಲ್ಲ. ನೈಟ್ರಾಕ್ಸ್ ಬಳಸಿ, ಜೊತೆಗೆ ಕಾಯಿರಿ ಕೂಡ.

ಮೂರನೇ ಅಲೆ
ಅದಕ್ಕೆ ಬೇರೆ ಕೋರ್ಸ್ ಬೇಕು. ಆಳದ ಮಿತಿಯೂ ಬೇರೆ. ಮೊದಲ ಸಲ ಬಾಲಿಗೆ ಹೋಗುವವರಿಗೆ ಅದನ್ನು ಸಲಹೆ ಕೊಡಬೇಡಿ.

ಕಾರ್ಕಳದ ಅಕ್ಕ
ಹಾಗಾದರೆ ಪ್ಲಾನ್ ತಿರುಗಿಸುತ್ತೇನೆ. ಮೊದಲು ಉಬುದ್, ಅಲ್ಲಿಂದ ಬಾತೂರ್. ಅದಾದ ಮರುದಿನ ತುಲಂಬೆನ್‌ಗೆ ಇಳಿದು ಎರಡು ದಿನ ಡೈವ್. ಕೊನೆಯ ದಿನ ಪೂರ್ತಿ ಒಣಗಿರುವುದು, ಕರಾವಳಿ ದಾರಿಯಲ್ಲಿ ಸಾನೂರ್‌ಗೆ ಬಂದು ಮರುದಿನ ವಿಮಾನ. ಬೆಟ್ಟ ಇಳಿದು ನೀರಿಗೆ ಇಳಿಯುವುದಕ್ಕೆ ಏನೂ ತೊಂದರೆ ಇಲ್ಲ ಅಲ್ವಾ? ನಡುವೆ ನುಸಾ ಪೆನಿಡಾಗೂ ಒಂದು ದಿನ ಹೋಗುವ ಆಸೆ ತಮ್ಮನಿಗೆ. ಅದೂ ಜ್ವಾಲಾಮುಖಿ ದ್ವೀಪವೇ ಅಂತೆ, ಸನ್‌ಫಿಶ್ ಸಿಗುತ್ತದಂತೆ.

ಹುಬ್ಬಳ್ಳಿ ಡಾಕ್ಟ್ರು
ಈ ಪ್ಲಾನ್ ಚೆನ್ನಾಗಿದೆ. ಬೆಟ್ಟ ಆದಮೇಲೆ ಚೆನ್ನಾಗಿ ನಿದ್ದೆ ಮಾಡಿ, ನೀರು ಕುಡಿದು ಡೈವ್‌ಗೆ ಇಳಿಯಿರಿ. ಕೊನೆಯ ಡೈವ್ ಮಧ್ಯಾಹ್ನ ಮುಗಿದು ಮರುದಿನ ಇಡೀ ಬಿಟ್ಟರೆ 24 ಗಂಟೆಗೂ ಮೇಲಾಗುತ್ತದೆ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯಾ ಅಂತ ಓದಿ ನೋಡಿ. ಹಲವು ಪಾಲಿಸಿಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಡೈವಿಂಗ್‌ಗೇ ಬೇರೆ ಇನ್ಶೂರೆನ್ಸ್ ಇದೆ, ತಗೊಳ್ಳಿ. ಚೇಂಬರ್ ಖರ್ಚು ಸಣ್ಣದಲ್ಲ.

ಕಲ್ಲುಪ್ರೇಮಿ
ನುಸಾ ಪೆನಿಡಾ ಜ್ವಾಲಾಮುಖಿ ದ್ವೀಪ ಅಲ್ಲ. ಅದು ಸುಣ್ಣಕಲ್ಲು. ಹಳೆಯ ಹವಳದ ದಿಬ್ಬ ಮೇಲಕ್ಕೆ ಎದ್ದು ಆದದ್ದು. ಫೋಟೋಗಳಲ್ಲಿ ಕಾಣುವ ಬಿಳಿ ಬಂಡೆಗಳೇ ಅದಕ್ಕೆ ಸಾಕ್ಷಿ. ತುಲಂಬೆನ್‌ನ ಕಪ್ಪು ಮರಳು ಕಂಡ ಮೇಲೆ ಅಲ್ಲಿಗೆ ಹೋದರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ.

ಆಮೆಡ್ ಕನ್ನಡಿಗ
ಸನ್‌ಫಿಶ್ ಕಾಲ ಜುಲೈಯಿಂದ ಅಕ್ಟೋಬರ್, ನಿಮ್ಮ ಆಗಸ್ಟ್ ಸರಿಯಾಗಿದೆ. ಆದರೆ ಅಕ್ಕ, ನಿಜ ಹೇಳುತ್ತೇನೆ. ಆ ಮೀನು ಮೇಲೆ ಬರುವುದೇ ಆಳದ ತಣ್ಣೀರು ಉಕ್ಕುವಾಗ. ಒಂದೇ ಡೈವ್‌ನಲ್ಲಿ ನೀರು ಥಟ್ಟನೆ 20 ಡಿಗ್ರಿಗಿಂತ ಕೆಳಗೆ ಇಳಿದದ್ದನ್ನು ನೋಡಿದ್ದೇನೆ. ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ಹರಿಯುವ ನೀರಿನ ಒಂದು ಪಾಲು ಲೊಂಬೋಕ್ ಜಲಸಂಧಿಯಲ್ಲಿ ನುಗ್ಗುತ್ತದೆ. ಪೆನಿಡಾದ ಕ್ರಿಸ್ಟಲ್ ಬೇಯಲ್ಲಿ ಹರಿವು ಕೆಳಕ್ಕೂ ಎಳೆಯುತ್ತದೆ. ಓಪನ್ ವಾಟರ್ ಮಾತ್ರ ಆದವರಿಗೆ ಅದು ಜಾಗ ಅಲ್ಲ. ಮಂಟಾ ಪಾಯಿಂಟ್‌ನಲ್ಲಿ ಆಳ ಕಡಿಮೆ, ಮಂಟಾ ವರ್ಷವಿಡೀ ಸಿಗುತ್ತವೆ. ಅಲೆ ಜೋರಿಲ್ಲದ ದಿನ ಅಲ್ಲಿಗೆ ಹೋಗಿ.

ಭಟ್ಕಳ ತೀರ
ಜ್ವಾಲಾಮುಖಿ ದ್ವೀಪ ಬೇಕು ಅಂದರೆ ಮಲ್ಪೆಯಲ್ಲೇ ಇದೆಯಲ್ಲ, ಸೇಂಟ್ ಮೇರೀಸ್! ಕಾರ್ಕಳದಿಂದ ಎಷ್ಟು ದೂರ?

ಕಲ್ಲುಪ್ರೇಮಿ
ಆ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನ ಲಾವಾ. ತಣ್ಣಗಾಗುತ್ತಾ ಬಿರುಕು ಬಿಟ್ಟು ಐದು ಆರು ಮೂಲೆಯ ಕಂಬಗಳಾದವು. ಅಲ್ಲಿ ಡೈವಿಂಗ್ ಮಾತು ಬೇಡ, ಈಜುವುದೂ ಅಪಾಯ. ಕಲ್ಲು ನೋಡಲು ಮಾತ್ರ ಹೋಗಿ. ಎಷ್ಟೋ ಜನ ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಕೈಯಿಟ್ಟಿದ್ದು ಯಾವುದರ ಮೇಲೆ ಅಂತ ಗೊತ್ತೇ ಇರುವುದಿಲ್ಲ. ಅದೇ ನನಗೆ ಸಂಕಟ.

ಮಳೆಹಕ್ಕಿ
ಉರಿಯುವ ಜ್ವಾಲಾಮುಖಿ ಬೇಕಿದ್ದರೆ ಅಂಡಮಾನಿನ ಬ್ಯಾರನ್ ದ್ವೀಪ. ದೇಶದಲ್ಲಿ ಸಕ್ರಿಯವಾಗಿರುವುದು ಅದೊಂದೇ. 1991ರಲ್ಲಿ ಮತ್ತೆ ಎದ್ದಿತು. ದ್ವೀಪದ ಮೇಲೆ ಇಳಿಯಲು ಬಿಡುವುದಿಲ್ಲ, ದೋಣಿಯಿಂದಲೇ ನೋಡಬೇಕು. ನಾರ್ಕಂಡಮ್ ಕೂಡ ಜ್ವಾಲಾಮುಖಿ ದ್ವೀಪವೇ. ಅಲ್ಲಿಯ ಮಂಗಟ್ಟೆ ಹಕ್ಕಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಹೊನಲುಲು ಮೈಸೂರಿಗ
ಹೊರಡುವ ಮುಂಚೆ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟವನ್ನೂ ನೋಡಿ ಅಕ್ಕ. ಇಂಡೊನೇಷ್ಯಾದಲ್ಲಿ ಒಂದರಿಂದ ನಾಲ್ಕರವರೆಗೆ ಇದೆ, ಮ್ಯಾಗ್ಮಾ ಇಂಡೊನೇಷ್ಯಾ ಅನ್ನುವ ಸರ್ಕಾರಿ ತಾಣದಲ್ಲಿ ಸಿಗುತ್ತದೆ. 2017ರಲ್ಲಿ ಆಗುಂಗ್ ಎದ್ದಾಗ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರು ಬಿಡಿಸಿದರು, ವಿಮಾನ ನಿಲ್ದಾಣವನ್ನೂ ಮುಚ್ಚಿದರು. ತುಲಂಬೆನ್ ಇರುವುದು ಆ ಬೆಟ್ಟದ ಬುಡದಲ್ಲೇ.

ಬೆಂಗಳೂರು ಬೈಕರ್
18 ಗಂಟೆ ಸ್ವಲ್ಪ ಅತಿ ಅಂತ ನನಗೆ ಇನ್ನೂ ಅನ್ನಿಸುತ್ತದೆ. ಆದರೆ ಬೆಟ್ಟ ಮೊದಲು ಇಟ್ಟುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ, ಅದು ಒಪ್ಪುತ್ತೇನೆ. ನಮ್ಮ ಗುಂಪು ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತಿದೆ, ಹಾಗೇ ಮಾಡುತ್ತೇವೆ.

ಆಮೆಡ್ ಕನ್ನಡಿಗ
ಡಿಸೆಂಬರ್ ಮಳೆಗಾಲ. ಮಳೆ ಜೋರಾದರೆ ಬೆಟ್ಟದ ತೊರೆಗಳು ಮಣ್ಣು ಬೂದಿ ಎಲ್ಲ ಸಮುದ್ರಕ್ಕೆ ತರುತ್ತವೆ, ತುಲಂಬೆನ್‌ನಲ್ಲಿ ನೀರು ಮಸುಕಾಗುತ್ತದೆ. ಆಗುವುದಾದರೆ ಅಕ್ಟೋಬರ್‌ಗೆ ಬನ್ನಿ.

ಕಾರ್ಕಳದ ಅಕ್ಕ
ಎಲ್ಲರಿಗೂ ತುಂಬಾ ಧನ್ಯವಾದ. ಏಜೆಂಟ್‌ಗೆ ಫೋನ್ ಮಾಡಿ ದಿನ ಬದಲಾಯಿಸಿದೆ. ಪೆನಿಡಾದಲ್ಲಿ ಮಂಟಾ ಮಾತ್ರ ಅಂತ ತಮ್ಮನನ್ನೂ ಒಪ್ಪಿಸಿದ್ದೇನೆ. ಕೊನೆಯದೊಂದು, ದಡದಿಂದ ನೀರಿಗಿಳಿಯುವುದು ಕಷ್ಟ ಅಂತ ಓದಿದೆ. ಹೌದಾ?

ಆಮೆಡ್ ಕನ್ನಡಿಗ
ಕಷ್ಟ ಅಲ್ಲ, ಎಚ್ಚರ ಬೇಕು. ದಡದಲ್ಲಿ ತೆಂಗಿನಕಾಯಿ ಗಾತ್ರದ ಗುಂಡು ಕಲ್ಲುಗಳು, ಅಲೆ ಬಂದಾಗ ಕಾಲಡಿಯಲ್ಲೇ ಉರುಳುತ್ತವೆ. ಫಿನ್ ಹಾಕಿಕೊಂಡು ನಡೆಯಬೇಡಿ. ಕೈಯಲ್ಲಿ ಹಿಡಿದುಕೊಂಡು, ಅಲೆ ಹಿಂದೆ ಸರಿದಾಗ ಹೆಜ್ಜೆ ಇಟ್ಟು, ಸೊಂಟದ ಮಟ್ಟ ನೀರು ಬಂದ ಮೇಲೆ ಜಾಕೆಟ್‌ಗೆ ಗಾಳಿ ತುಂಬಿ ನೀರಿನ ಮೇಲೆ ಮಲಗಿ ಫಿನ್ ಹಾಕಿಕೊಳ್ಳಿ. ಉಸಿರಾಡುವ ರೆಗ್ಯುಲೇಟರ್ ಮೊದಲಿನಿಂದಲೇ ಬಾಯಲ್ಲಿರಲಿ. ದಪ್ಪ ಅಡಿಯ ಬೂಟು ಊರಿನಿಂದಲೇ ತನ್ನಿ, ಬಾಡಿಗೆಗೆ ಸಿಗುವುದು ಸವೆದಿರುತ್ತದೆ.